ಮನೆಗೆ ಬರುವ ಎರಡನೆಯ ನಾಯಿ

ಹಲವು ವರ್ಷಗಳಿಂದ ಒಂದೇ ಮನೆಯಲ್ಲಿ ಬೆಳೆದು, ಜಗಲಿಯ ಮೂಲೆಯನ್ನೂ ಹಿತ್ತಿಲ ಮರದ ಬುಡವನ್ನೂ ಯಜಮಾನನ ಪಾದಸನ್ನಿಧಿಯನ್ನೂ ತನ್ನವೆಂದೇ ನಂಬಿರುವ ನಾಯಿಯ ಎದುರಿಗೆ, ಬೀದಿಯಿಂದ ಕನಿಕರಪಟ್ಟು ಎತ್ತಿತಂದ ಮರಿಯೊಂದನ್ನು ಏಕಾಏಕಿ ಇಳಿಸಿ, ‘ನೋಡೋ, ನಿನಗೊಬ್ಬ ತಮ್ಮ ಬಂದ’ ಎಂದು ಸಂಭ್ರಮಿಸುವುದು ನಮ್ಮಲ್ಲಿ ಸಾಮಾನ್ಯ. ಆ ಸಂಭ್ರಮ ಮನುಷ್ಯರದು. ಹಳೆಯ ನಾಯಿಗೆ ಕಾಣುವವನು ಅಪ್ಪಣೆಯಿಲ್ಲದೆ ಒಳಹೊಕ್ಕ ಆಗಂತುಕ. ಅದು ಗುರ್ರೆಂದರೆ ಗದರಿಸಿ ಹೊರಗೆ ಕಟ್ಟುತ್ತೇವೆ. ಹೀಗೆ ಮೊದಲ ದಿನವೇ ನಿರಪರಾಧಿಗೆ ದಂಡನೆಯಾಗಿ, ಹೊಸಬನ ಆಗಮನವೆಂದರೆ ತನ್ನ ಸ್ಥಾನಭ್ರಂಶವೆಂಬ ಪಾಠವನ್ನು ಆ ಮೂಕಜೀವಿಗೆ ನಾವೇ ಕಲಿಸಿದಂತಾಗುತ್ತದೆ.

ಮುಖಾಮುಖಿಗೆ ಮೊದಲು ಆರೋಗ್ಯದ ಚಿಂತೆ. 1978ರ ಸುಮಾರಿಗೆ ನಾಯಿಗಳಲ್ಲಿ ಕಾಣಿಸಿಕೊಂಡು ಅಲ್ಪಕಾಲದಲ್ಲೇ ಲೋಕವ್ಯಾಪಿಯಾದ ಪಾರ್ವೊ ವೈರಾಣುವು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು; ಮೇಲ್ನೋಟಕ್ಕೆ ಲವಲವಿಕೆಯಿಂದಿರುವ ಮರಿಯೂ ಅದನ್ನೊ ಡಿಸ್ಟೆಂಪರ್ ಎಂಬ ರೋಗವನ್ನೊ ಒಡಲಲ್ಲಿಟ್ಟುಕೊಂಡು ಬಂದಿರುವುದುಂಟು. ಹಳೆಯ ನಾಯಿಯ ಲಸಿಕೆಗಳು ಕ್ರಮವಾಗಿವೆಯೇ ಎಂದು ನೋಡಿಕೊಂಡು, ಮರಿಯನ್ನು ಪಶುವೈದ್ಯರಿಗೆ ತೋರಿಸಿ, ಎರಡು ವಾರವಾದರೂ ಬೇರೆ ಕೋಣೆಯಲ್ಲಿ, ಬೇರೆ ತಟ್ಟೆಯಲ್ಲಿ ಸಾಕುವುದು ಲೇಸು.

ಶ್ವಾನಗಳಲ್ಲಿ ಪರಿಚಯವೆಂಬುದು ಕಣ್ಣಿಗಿಂತ ಮುಂಚೆ ಮೂಗಿನಿಂದ ನಡೆಯತಕ್ಕದ್ದು. ಬೀಗರ ಮನೆಗೆ ಹೊರಡುವ ಮುನ್ನ ಸಮಾಚಾರ ಕಳುಹಿಸುವಂತೆ, ವೈದ್ಯರು ನಿರಾತಂಕವೆಂದ ಮೇಲೆ ಒಂದರ ಹಾಸನ್ನು ಇನ್ನೊಂದರ ಬಳಿಯಿಟ್ಟು, ಮೂಸಿದಾಗ ತಿನಿಸೊಂದನ್ನು ಕೊಟ್ಟರೆ, ಆ ಗಂಧವೇ ಸುಖದ ಸೂಚನೆಯಾಗಿ ಮನಸ್ಸಿನಲ್ಲಿ ನೆಲೆಸುತ್ತದೆ.

ಪ್ರಥಮ ದರ್ಶನಕ್ಕೆ ಮನೆಯಂಗಳ ಸಲ್ಲದು. ಇಬ್ಬರಿಗೂ ಸೇರದ ಮೈದಾನವೊ ನಿರ್ಜನ ರಸ್ತೆಯೊ ಉತ್ತಮ. ಒಬ್ಬೊಬ್ಬರು ಒಂದೊಂದನ್ನು ಹಿಡಿದು, ನಡುವೆ ಸಾಕಷ್ಟು ಅಂತರವಿರಿಸಿ, ಒಂದೇ ದಿಕ್ಕಿಗೆ ನಡೆಯುತ್ತ, ದೇಹಗಳು ಸಡಿಲವಾದಂತೆಲ್ಲ ಹತ್ತಿರವಾಗುತ್ತ ಹೋಗಬೇಕು. ಹಗ್ಗವನ್ನು ಬಿಗಿಹಿಡಿದರೆ ನಮ್ಮ ಕೈಯ ಭಯ ಅದರ ಕೊರಳಿಗೆ ಇಳಿಯುತ್ತದೆ. ಬಾಲವಾಡಿಸಿತೆಂದ ಮಾತ್ರಕ್ಕೆ ಸ್ನೇಹವೆಂದು ತಿಳಿಯಲಾಗದು: ಯಜಮಾನನನ್ನು ಕಂಡ ನಾಯಿಯ ಬಾಲ ಬಲಕ್ಕೂ, ಅಪರಿಚಿತವಾದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚಾಗಿ ಓಲುವುದನ್ನು 2007ರಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಬರಿಗಣ್ಣಿಗೆ ಇದು ಸುಲಭವಾಗಿ ತಿಳಿಯದು. ಆದರೆ ಸೆಟೆದ ಮೈ, ಮುಚ್ಚಿದ ಬಾಯಿ, ರೆಪ್ಪೆ ಮಿಟುಕಿಸದ ದೃಷ್ಟಿ ಇವನ್ನು ಯಾರಾದರೂ ಗುರುತಿಸಬಹುದು, ಗುರುತಿಸಿದೊಡನೆ ದೂರ ಸರಿಯಬಹುದು.

ಮನೆಯೊಳಗೆ ಬಂದ ಮೇಲೆ ಜಗಳವೇಳುವುದು ಬಹುಮಟ್ಟಿಗೆ ಅನ್ನಕ್ಕೆ, ಆಟಿಕೆಗೆ, ಮಲಗುವ ಸ್ಥಳಕ್ಕೆ. ಊಟವನ್ನು ಬೇರೆ ಬೇರೆ ಕಡೆ ಇಡುವುದು, ಹಳೆಯ ನಾಯಿಯ ಮೂಲೆಯನ್ನು ಅದಕ್ಕೇ ಬಿಡುವುದು, ದಿನಕ್ಕೊಂದಿಷ್ಟು ಹೊತ್ತು ಅದೊಂದರೊಡನೆಯೇ ಕಳೆಯುವುದು ನ್ಯಾಯ. ಇಲ್ಲಿ ನಾನು ಒತ್ತಿ ಹೇಳಬಯಸುವುದೊಂದುಂಟು: ಗುರುಗುಟ್ಟುವುದು ಅಪರಾಧವಲ್ಲ, ‘ಇನ್ನು ಸಾಕು’ ಎಂಬ ಸಭ್ಯ ಎಚ್ಚರಿಕೆ. ಆ ಎಚ್ಚರಿಕೆಯನ್ನು ಹೊಡೆದಡಗಿಸಿದರೆ ನಾಯಿ ಮುಂದೊಂದು ದಿನ ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ.

ಮೊದಲಿದ್ದದ್ದು ಬೆಕ್ಕಾದರೆ ತಾಳ್ಮೆ ಇಮ್ಮಡಿಯಾಗಬೇಕು. ಓಡುವುದನ್ನು ಕಂಡೊಡನೆ ಬೆನ್ನಟ್ಟುವುದೇ ಜಾತಿಸ್ವಭಾವವಾದ ಮುಧೋಳದ ನಾಯಿಯನ್ನಂತೂ ವಾರಗಳವರೆಗೆ ಹಗ್ಗವಿಲ್ಲದೆ ಬೆಕ್ಕಿನೆದುರು ಬಿಡಲಾಗದು. ಬೆಕ್ಕಿಗೆ ನಾಯಿ ಮುಟ್ಟಲಾಗದ ಅಟ್ಟವೊ ಕಪಾಟಿನ ನೆತ್ತಿಯೊ ಸದಾ ತೆರೆದಿರಬೇಕು, ಅದರ ಆಹಾರವೂ ಅಲ್ಲಿಯೇ ಇರಬೇಕು.

ಇಷ್ಟಾದರೂ ಹಳೆಯ ನಾಯಿ ದಿನದಿನಕ್ಕೆ ಸಿಡುಕುತ್ತಿದ್ದರೆ ಅದನ್ನು ಮತ್ಸರವೆಂದು ತೀರ್ಮಾನಿಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ವಯಸ್ಸಾದ ನಾಯಿಗಳಲ್ಲಿ ಸಂಧಿವಾತ ಸಾಮಾನ್ಯ. ಮೈಮೇಲೆ ನೆಗೆಯುವ ಮರಿಯ ಪ್ರೀತಿಯೂ ಆ ನೋಯುವ ಸೊಂಟಕ್ಕೆ ಹೊಡೆತವೇ.