ಹಳೇ ಪಿಸ್ತೂಲು, ಹೊಸ ಪಿಸ್ತೂಲು: ನಂಬಿಕೆ ಯಾವುದರ ಮೇಲೆ?

‘ಹಳೇದೇ ಗಟ್ಟಿ’ ಎಂಬ ಮಾತನ್ನು ಸ್ಕೂಟರ್, ಮಿಕ್ಸಿಗಳ ವಿಷಯದಲ್ಲಿ ಎಲ್ಲರೂ ಕೇಳಿದ್ದೇವೆ. ಪಿಸ್ತೂಲಿನ ಬಗ್ಗೆಯೂ ಇದೇ ವಾದವಿದೆ. ಆದರೆ ಇಲ್ಲಿ ಯಂತ್ರ ಕೈಕೊಟ್ಟರೆ ಹೋಗುವುದು ಜೀವ.

ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಪರೀಕ್ಷಿಸಿತು. ಒಟ್ಟು 6000 ಗುಂಡು ಹಾರಿಸಿದರು. ಕಾದಾಗ ನೀರಿಗೆ ಅದ್ದಿ ಮುಂದುವರಿಸಿದರು. ಒಮ್ಮೆಯೂ ಅದು ತಪ್ಪಲಿಲ್ಲ. 1985ರಲ್ಲಿ ಬೆರೆಟ್ಟಾ ಆಯ್ಕೆಯಾಗುವವರೆಗೆ ಅದೇ ಆ ಸೇನೆಯ ಮುಖ್ಯ ಪಿಸ್ತೂಲು.

ಆದರೆ ಅದನ್ನು ರೂಪಿಸಿದ್ದು ದುಂಡು ಮೂತಿಯ ಗುಂಡಿಗೆ. ನಂತರ ಬಳಕೆಗೆ ಬಂದ, ತುದಿ ಟೊಳ್ಳಾದ ಗುಂಡುಗಳು ಹಳೆಯ ಪಿಸ್ತೂಲುಗಳಲ್ಲಿ ಸಿಕ್ಕಿಕೊಳ್ಳತೊಡಗಿದವು. 1982ರಲ್ಲಿ ಆಸ್ಟ್ರಿಯಾ ಸೇನೆ ಒಪ್ಪಿದ ಗ್ಲಾಕ್ 17ರಲ್ಲಿ ಪಾಲಿಮರ್ ಚೌಕಟ್ಟು, ಕಡಿಮೆ ಬಿಡಿಭಾಗಗಳು; ಕೈಜಾರಿ ಬಿದ್ದರೂ ಗುಂಡು ಹಾರದಂತೆ ಒಳಗೇ ತಡೆ.

ಹಾಗಾದರೆ ಹೊಸದನ್ನು ಕಣ್ಣುಮುಚ್ಚಿ ನಂಬಬಹುದೇ? 2017ರ ಜನವರಿಯಲ್ಲಿ ಅಮೆರಿಕದ ಸೇನೆ ಸಿಗ್ ಸಾವರ್ ಪಿ320 ಆಧರಿಸಿದ ಪಿಸ್ತೂಲನ್ನು ಆರಿಸಿತು. ಮಾರುಕಟ್ಟೆಯಲ್ಲಿದ್ದ ಪಿ320 ಕೆಲವು ಕೋನಗಳಲ್ಲಿ ಬಿದ್ದರೆ ತಾನಾಗಿ ಹಾರಬಹುದೆಂದು ಅದೇ ವರ್ಷ ಬಯಲಾಯಿತು. ಆಗಸ್ಟ್‌ನಲ್ಲಿ ಕಂಪನಿ ಉಚಿತವಾಗಿ ಟ್ರಿಗರ್ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು.

ಸಾಫ್ಟ್‌ವೇರ್ ಕೆಲಸದವರಿಗೆ ಇದು ಗೊತ್ತಿರುವ ಪಾಠ. ಟೆಸ್ಟ್ ಪಾಸ್ ಆಯಿತೆಂದರೆ ನಾವು ಬರೆದಿಟ್ಟ ಕೇಸುಗಳು ಪಾಸಾದವು ಎಂದಷ್ಟೇ. ಯಾರೂ ಯೋಚಿಸದ ಕೋನದಲ್ಲಿ ಬಿದ್ದಾಗ ಏನಾಗುತ್ತದೆ? ಹಳೆಯದಿರಲಿ, ಹೊಸದಿರಲಿ, ಮೊದಲು ಕೇಳಬೇಕಾದ್ದು ಅದನ್ನೇ.