ಕೋರ್ಟಿನ ಮೆಟ್ಟಿಲೇರಿದ ಕಾರಂತರು

1986–87ರಲ್ಲಿ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಹಳ್ಳಿಗರು ದನ ಮೇಯಿಸುವ, ಸೌದೆ ತರುವ ಸಾವಿರಾರು ಎಕರೆ ನೆಲವನ್ನು ನೀಲಗಿರಿ ತೋಪಿಗೆ ಬಿಟ್ಟುಕೊಡಬಾರದು ಎಂಬುದು ಅದರ ಬೇಡಿಕೆ. ಅರ್ಜಿದಾರರ ಪೈಕಿ ಎದ್ದು ಕಾಣುವ ಹೆಸರು ಕೋಟ ಶಿವರಾಮ ಕಾರಂತರದು. ಅವರಿಗಾಗ ಎಂಬತ್ನಾಲ್ಕು ವರ್ಷ. ಜ್ಞಾನಪೀಠ ಬಂದು ಹತ್ತು ವರ್ಷವಾಗುತ್ತ ಬಂದಿತ್ತು. ವಿವಾದದ ನೆಲ ಅವರ ಊರಿನದ್ದಲ್ಲ, ಜಿಲ್ಲೆಯದ್ದೂ ಅಲ್ಲ. ಆದರೂ ಸಾಲಿಗ್ರಾಮದ ಮನೆಯಲ್ಲಿದ್ದ ಆ ಹಿರಿಯರು ಗಟ್ಟದ ಮೇಲಿನ ರೈತರ ಜೊತೆ ನಿಂತರು.

ಕೋಟ, ಸಾಲಿಗ್ರಾಮ, ಕೋಡಿ, ಕುಂದಾಪುರದ ಜನ ಕಾರಂತರನ್ನು ಮರೆತಿಲ್ಲ. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಗ್ರಾಮ ಪಂಚಾಯತಿಯೇ ಮುಂದೆ ನಿಂತು ಹುಟ್ಟೂರ ಪ್ರಶಸ್ತಿ ಕೊಡುತ್ತದೆ. ಒಬ್ಬ ಲೇಖಕನ ಹೆಸರಿನಲ್ಲಿ ಒಂದು ಪಂಚಾಯತಿ ಇಷ್ಟು ಅಕ್ಕರೆಯಿಂದ ದುಡಿಯುವುದು ಅಪರೂಪ. ಅಲ್ಲಿ ನೆನಪಾಗುವವರು ಹೆಚ್ಚಾಗಿ ಕಾದಂಬರಿಕಾರ ಕಾರಂತರು, ಯಕ್ಷಗಾನದ ಕಾರಂತರು, ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಕಾರಂತರು. ಸರಕಾರವನ್ನು ಪ್ರಶ್ನಿಸಿದ, ಅರ್ಜಿ ಬರೆದ, ಚುನಾವಣೆಗೂ ನಿಂತ ಕಾರಂತರಿಗೆ ಅಷ್ಟೇ ದೊಡ್ಡ ಜಾಗ ಸಲ್ಲಬೇಕು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟರು. ಖಾದಿ ಹೊತ್ತು ಊರೂರು ಸುತ್ತಿದರು. ಕುಂದಾಪುರದಿಂದ ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. 1936ರಲ್ಲಿ ಲೀಲಾ ಅವರನ್ನು ಮದುವೆಯಾದಾಗ ಅದು ಜಾತಿಯ ಗೆರೆ ದಾಟಿದ ಮದುವೆ. ಬ್ರಾಹ್ಮಣರ ಹುಡುಗ ಬಂಟರ ಹುಡುಗಿಯ ಕೈಹಿಡಿಯುವುದು ಆ ಕಾಲದ ಕರಾವಳಿಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಹಕ್ಕಿನ ಪ್ರಶ್ನೆ ಅವರ ಬರಹಕ್ಕೆ ಬಂದದ್ದು ಕೋರ್ಟಿಗೆ ಹೋಗುವುದಕ್ಕೆ ಅರ್ಧ ಶತಮಾನ ಮೊದಲೇ. 1933ರ ‘ಚೋಮನ ದುಡಿ’ಯ ಚೋಮನಿಗೆ ಇರುವ ಆಸೆ ಒಂದೇ: ತನ್ನದೇ ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕು. ಎತ್ತುಗಳಿವೆ, ರಟ್ಟೆಯಲ್ಲಿ ಕಸುವಿದೆ. ಹೊಲೆಯನಾದವನು ಸಾಗುವಳಿ ಮಾಡುವ ರೂಢಿಯಿಲ್ಲ ಎಂಬ ಒಂದು ಮಾತು ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಅವನ ಮಗನೊಬ್ಬ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ಯಾರೂ ಎತ್ತುವುದಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಅದಕ್ಕೂ ಮೊದಲಿನ ವರ್ಷ, 1974ರಲ್ಲಿ, ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತ್ತು. ದಕ್ಷಿಣ ಕನ್ನಡದ ಸಾವಿರಾರು ಗೇಣಿದಾರರು ಡಿಕ್ಲರೇಷನ್ ಕೊಟ್ಟು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಚೋಮನಂಥವರ ಕೈಯಲ್ಲಿ ಮಾತ್ರ ಗೇಣಿ ಚೀಟಿಯೂ ಇರಲಿಲ್ಲ. ಅವರು ಗೇಣಿಗೆ ಮಾಡಿದವರಲ್ಲ, ಜೀತಕ್ಕೆ ದುಡಿದವರು.

ಕೋಡಿಗೂ ಕಾರಂತರ ಪುಸ್ತಕದಲ್ಲಿ ದೊಡ್ಡ ಪಾಲಿದೆ. ‘ಮರಳಿ ಮಣ್ಣಿಗೆ’ಯ ರಾಮ ಐತಾಳರ ಮನೆ ಇರುವುದು ಕಡಲು-ಹೊಳೆಗಳ ನಡುವಿನ ಕೋಡಿಯಲ್ಲೇ. ಗದ್ದೆ, ದನ, ಸೌದೆ ಎಂದು ಬೆಳಗಿನಿಂದ ರಾತ್ರಿವರೆಗೆ ದುಡಿಯುವ ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರು ಆ ಮನೆಯನ್ನು ನಿಲ್ಲಿಸುತ್ತಾರೆ. ಸೊಪ್ಪು ಸೌದೆ ಎಂದರೆ ಬಡ ಮನೆಯೊಂದರ ಬದುಕಿನಲ್ಲಿ ಏನು ಎಂಬುದನ್ನು ಕಾರಂತರು ಪಾಠದಿಂದ ಕಲಿಯಬೇಕಾಗಿರಲಿಲ್ಲ. ಮುಂದೆ ಅವರು ಸಹಿ ಹಾಕಿದ ಅರ್ಜಿಯ ತಿರುಳೂ ಇದೇ.

ಅದಕ್ಕೆ ಮೊದಲು ತುರ್ತು ಪರಿಸ್ಥಿತಿ ಬಂತು. 1975ರ ಜೂನ್ 25ರ ರಾತ್ರಿ ಘೋಷಣೆಯಾದ ಬಳಿಕ ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಸಿದವರಿಗೆ ಜೈಲು. ಬೆಂಗಳೂರಿನ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ತನ್ನನ್ನು ಯಾಕೆ ಹಿಡಿದಿರಿ ಎಂದು ಕೇಳಲು ಬಂಧಿತನಿಗೆ ಕೋರ್ಟಿಗೆ ಹೋಗುವ ಹಕ್ಕೂ ಇಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಐವರ ಪೀಠದಲ್ಲಿ ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಬಂದಿತ್ತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಅದನ್ನು ಕೇಂದ್ರ ಸರಕಾರಕ್ಕೆ ಹಿಂದಿರುಗಿಸಿದರು. ಬಾಯಿಬಿಟ್ಟವರು ಒಳಗೆ ಹೋಗುತ್ತಿದ್ದ ದಿನಗಳಲ್ಲಿ ಎಪ್ಪತ್ತು ದಾಟಿದ ಸಾಹಿತಿ ಹಾಗೆ ಮಾಡಿದ್ದಕ್ಕೆ ಎದೆಗಾರಿಕೆ ಬೇಕಿತ್ತು.

ಇನ್ನು ಆ ಅರ್ಜಿಯ ಕತೆ. 1984ರಲ್ಲಿ ರಾಜ್ಯ ಸರಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿದವು. ಶೇ 51ರಷ್ಟು ಪಾಲು ಸರಕಾರದ ಕಡೆಗೆ, ಶೇ 49 ಕಂಪನಿಗೆ. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸುವುದು, ಕೃತಕ ರೇಷ್ಮೆಯ ಎಳೆಗೆ ಬೇಕಾದ ತಿರುಳನ್ನು ಕಾರ್ಖಾನೆಗೆ ಒದಗಿಸುವುದು ಉದ್ದೇಶ.

ಸಿ ಮತ್ತು ಡಿ ವರ್ಗ ಎಂದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಬೇಸಾಯಕ್ಕೆ ಒದಗದ ಸರಕಾರಿ ಜಾಗ. ಕಾಗದದಲ್ಲಿ ಬರಡು. ಊರಿನವರಿಗೆ ಮಾತ್ರ ಅದು ದನದ ಮೇವು, ಒಲೆಯ ಪುರಳೆ, ಗೊಬ್ಬರಕ್ಕೆ ಸೊಪ್ಪು, ನೇಗಿಲಿಗೆ ಕಟ್ಟಿಗೆ, ಕಾಯಿಲೆಗೆ ಬೇರು. ಕುಂದಾಪುರದ ಕಡೆ ಹಾಡಿ ಎನ್ನುವ ಜಾಗದಿಂದ ಬರುವುದೂ ಇದೇ. ಮನೆಯ ಹೆಂಗಸು ದರ್ಲೆ (ತರಗೆಲೆ) ಗುಡಿಸಿ ತರುವುದು, ಬಾಣಂತಿಯ ಸ್ನಾನಕ್ಕೆ ಸೌದೆ ಒಟ್ಟುವುದು ಯಾವ ಪಹಣಿಯಲ್ಲೂ ದಾಖಲಾಗುವುದಿಲ್ಲ. ಹೀಗಾಗಿ ಬೇಲಿ ಹಾಕಿದ ದಿನ ಏನು ಹೋಯಿತು ಎಂದು ತೋರಿಸಲು ಬಡವರ ಬಳಿ ಕಾಗದವಿರುವುದಿಲ್ಲ. ನೀಲಗಿರಿಯನ್ನು ದನ ಮುಟ್ಟುವುದಿಲ್ಲ. ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳಲ್ಲಿ ಜನರನ್ನು ಸೇರಿಸಿತು. ಕಾರಂತರು ಜೊತೆಗೂಡಿದರು. ಇಂಥ ಅರ್ಜಿಗೆ ಬಾಗಿಲು ತೆರೆದದ್ದು ಆಗಷ್ಟೇ. ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್, ಪಿ.ಎನ್. ಭಗವತಿ ಅವರ ಕಾಲದಲ್ಲಿ ಸುಪ್ರೀಂ ಕೋರ್ಟು ತನ್ನ ನಿಯಮ ಸಡಿಲಿಸಿತ್ತು. ಅನ್ಯಾಯಕ್ಕೆ ಒಳಗಾದವನು ಬಡತನದಿಂದಲೋ ಅಸಹಾಯಕತೆಯಿಂದಲೋ ಬರಲಾಗದಿದ್ದರೆ ಅವನ ಪರವಾಗಿ ಬೇರೊಬ್ಬ ನಾಗರಿಕ ಬರಬಹುದು ಎಂದು 1981ರ ಎಸ್.ಪಿ. ಗುಪ್ತಾ ಪ್ರಕರಣ ಸ್ಪಷ್ಟ ಮಾಡಿತು. ವಿವಾದದ ನೆಲದ ಮೇಲೆ ಸ್ವಂತ ಹಕ್ಕಿಲ್ಲದ ಕಾರಂತರು ಅರ್ಜಿದಾರರಾಗಲು ಸಾಧ್ಯವಾದದ್ದು ಇದರಿಂದ.

1987ರ ಮಾರ್ಚ್‌ನಲ್ಲಿ ಭೂಮಿ ಹಸ್ತಾಂತರಕ್ಕೆ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಸಿಕ್ಕಿತು. ಹಳ್ಳಿಗರು ತೀರ್ಪಿಗೆ ಕಾಯುತ್ತ ಕೈಕಟ್ಟಿ ಕೂರಲಿಲ್ಲ. ಆ ವರ್ಷದ ನವೆಂಬರ್ 14ರಂದು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. ಒಂದು ಕೈಯಲ್ಲಿ ಅರ್ಜಿ, ಇನ್ನೊಂದು ಕೈಯಲ್ಲಿ ಗುದ್ದಲಿ. ಕಡೆಗೆ 1991ರಲ್ಲಿ ಸರಕಾರವೇ ಆ ಜಂಟಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು.

ಎಲ್ಲ ಹೋರಾಟವೂ ಗೆಲ್ಲಲಿಲ್ಲ. ಉತ್ತರ ಕನ್ನಡದ ಬೇಡ್ತಿ ಅಣೆಕಟ್ಟಿಗೆ ಕಾರಂತರು ವಿರೋಧ ಸೂಚಿಸಿದರು. ಆ ಯೋಜನೆ ನಿಂತಿತು. ಕೈಗಾ ಅಣು ವಿದ್ಯುತ್ ಸ್ಥಾವರವನ್ನೂ ವಿರೋಧಿಸಿದರು, ಅದು ನಿಲ್ಲಲಿಲ್ಲ. ಜನರ ಜೀವಕ್ಕೆ ಸಂಬಂಧಿಸಿದ ನಿರ್ಧಾರವನ್ನು ಜನರನ್ನು ಕೇಳದೆ ಮಾಡುವಂತಿಲ್ಲ ಎಂಬ ವಾದವನ್ನು ಊರ ಮುಂದಿಡಲು 1989ರಲ್ಲಿ, ಎಂಬತ್ತೇಳರ ಪ್ರಾಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲುವು ಕಾಂಗ್ರೆಸ್ಸಿನದ್ದಾಯಿತು. 1994ರ ಮೇ 13ರಂದು, ಕಟ್ಟಡ ಇನ್ನೂ ಏಳುತ್ತಿರುವಾಗಲೇ, ಕೈಗಾದ ಒಂದನೆಯ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಅದರ ವಿನ್ಯಾಸವನ್ನೇ ತಿದ್ದಬೇಕಾಯಿತು. ಸ್ಥಾವರ 2000ದಲ್ಲಿ ಶುರುವಾಯಿತು. ಅದೇ ಒಂದನೆಯ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದೂ ನಿಜ. ಆದರೆ ಸುರಕ್ಷತೆಯ ಬಗ್ಗೆ ಕೇಳಿದವರನ್ನು ಅಭಿವೃದ್ಧಿಯ ವಿರೋಧಿಗಳೆಂದು ತಳ್ಳಿಹಾಕುವುದು ಎಷ್ಟು ತಪ್ಪು ಎಂಬುದನ್ನು ಆ ಗುಮ್ಮಟ ತೋರಿಸಿಕೊಟ್ಟಿತು. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಅವರ ಹುಟ್ಟೂರಿನ ಸುತ್ತಮುತ್ತ ಹಕ್ಕಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕೊರಗ ಸಮುದಾಯದ ಕಾಲನಿಗಳಿವೆ. ಬುಟ್ಟಿ ನೇಯುವ, ಡೋಲು ಬಾರಿಸುವ ಈ ಜನರಿಗೆ ಮೇಲ್ಜಾತಿಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ಶತಮಾನಗಳ ಕಾಲ ನಡೆಯಿತು. ಅದನ್ನು ಅಪರಾಧವೆಂದು ಸಾರುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂದು ಡಾ. ಮೊಹಮ್ಮದ್ ಪೀರ್ ವರದಿ 1994ರಲ್ಲೇ ಶಿಫಾರಸು ಮಾಡಿತ್ತು. ಅದಕ್ಕಾಗಿ ಸಮುದಾಯ ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದೆ. ಚೋಮ ಕೇಳಿದ್ದು ಇದಕ್ಕಿಂತ ಕಡಿಮೆಯೇ.

2021ರ ಡಿಸೆಂಬರ್ ಕೊನೆಯ ವಾರದ ಒಂದು ರಾತ್ರಿ ಇದೇ ಕೋಟತಟ್ಟಿನ ಕೊರಗರ ಕಾಲನಿಯಲ್ಲಿ ಮೆಹಂದಿ ಸಂಭ್ರಮವಿತ್ತು. ಧ್ವನಿವರ್ಧಕದ ಸದ್ದಿನ ದೂರಿನ ಮೇಲೆ ಬಂದ ಪೊಲೀಸರು ಮದುವೆ ಮನೆಯವರ ಮೇಲೆ ಲಾಠಿ ಬೀಸಿದರು ಎಂದು ನಿವಾಸಿಗಳು ದೂರಿದರು. ಸುದ್ದಿ ರಾಜ್ಯವಿಡೀ ಹಬ್ಬಿತು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಗೃಹ ಸಚಿವರೇ ಕಾಲನಿಗೆ ಬಂದರು. ಅವತ್ತು ಆ ಕಾಲನಿಯ ಯುವಕ-ಯುವತಿಯರು ಸುಮ್ಮನಿರಲಿಲ್ಲ. ಹೆಸರು ಹೇಳಿ, ಗಾಯ ತೋರಿಸಿ, ಲಿಖಿತವಾಗಿ ದೂರು ಕೊಟ್ಟರು. ಕಾರಂತರ ಪರಂಪರೆ ಎಲ್ಲಿದೆ ಎಂದು ಹುಡುಕುವವರು ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹುಟ್ಟೂರಿನ ಗೌರವಕ್ಕೆ ಇನ್ನೊಂದು ಕೆಲಸ ಸೇರಿಸಬಹುದು. ಥೀಮ್ ಪಾರ್ಕಿಗೆ ಶಾಲೆ ಮಕ್ಕಳು ಬಂದಾಗ ಕಾದಂಬರಿಗಳ ಜೊತೆಗೆ ಆ ಸುಪ್ರೀಂ ಕೋರ್ಟ್ ಅರ್ಜಿಯ ಕತೆಯನ್ನೂ ಹೇಳುವುದು. ಮಾಹಿತಿ ಹಕ್ಕಿನ ಅರ್ಜಿಯನ್ನು ಅವರ ಕೈಯಲ್ಲೇ ಬರೆಸುವುದು. ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಎಂಬುದು 2005ರ ಕಾಯ್ದೆ ಕೊಟ್ಟ ಮಾತು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ನೆಲೆಸಿ ಅದನ್ನೇ ನಂಬಿ ಬದುಕುತ್ತಿರುವ ಪರಿಶಿಷ್ಟ ಪಂಗಡದವರು ಹಕ್ಕು ಕೇಳಬಹುದು. ಉಳಿದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಆ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ, ಆಮೇಲೆ ಕುಂದಾಪುರದ ಉಪವಿಭಾಗ ಸಮಿತಿಗೆ, ಬಳಿಕ ಜಿಲ್ಲಾ ಸಮಿತಿಗೆ. ಕಾರಂತರ ಹೆಸರಿನಲ್ಲಿ ಪ್ರಶಸ್ತಿ ಕೊಡುವ ಪಂಚಾಯತಿಯೇ ಈ ದಾರಿಯ ಮೊದಲ ಮೆಟ್ಟಿಲಲ್ಲಿದೆ. ಅಲ್ಲಿಯ ಗ್ರಾಮಸಭೆಗೆ ಕೊರಗರ ಮನೆಗಳಿಂದ ಎಷ್ಟು ಜನ ಬರುತ್ತಾರೆ, ಅವರ ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಎಂಬ ಪಟ್ಟಿಯೊಂದನ್ನು ಪ್ರತಿ ಅಕ್ಟೋಬರ್ 10ರಂದು ಅದೇ ವೇದಿಕೆಯಲ್ಲಿ ಓದುವಂತಾದರೆ ಕಾರಂತರ ಹೋರಾಟ ಅವರ ಊರಿನಲ್ಲೇ ಮುಂದುವರಿಯುತ್ತದೆ.