ಒಂದೇ ದ್ವಾರ, ಹಲವು ಸೇವೆಗಳು
ಒಂದೇ ಯಂತ್ರದಲ್ಲಿ 3000ನೆಯ ಪೋರ್ಟಿನಲ್ಲಿ ಅಂಗಡಿಯ ತಾಣವೂ 8080ರಲ್ಲಿ ಚಿತ್ರಸಂಗ್ರಹವೂ ನಡೆಯುತ್ತಿರುವಾಗ, ಹೊರಗಿನಿಂದ ಬರುವ ಸಮಸ್ತ ಕೋರಿಕೆಗಳನ್ನೂ 443ನೆಯ ಪೋರ್ಟೊಂದರಲ್ಲಿಯೇ ಸ್ವೀಕರಿಸಿ, ಅವುಗಳೊಡನೆ ಬಂದ ಹೋಸ್ಟ್ ಹೆಸರನ್ನು ಪರಿಶೀಲಿಸಿ, ಆಯಾ ಸೇವೆಗೆ ತಲುಪಿಸುವ ಮಧ್ಯವರ್ತಿಯೇ ರಿವರ್ಸ್ ಪ್ರಾಕ್ಸಿ. ರಷ್ಯದ ಈಗೊರ್ ಸಿಸೊಯೆವ್ ಅವರು 2004ರಲ್ಲಿ ಲೋಕಾರ್ಪಣೆಗೈದ ಎಂಜಿನ್‌ಎಕ್ಸ್ ಈ ಕಾರ್ಯಕ್ಕೆ ಅತ್ಯಂತ ಸಮರ್ಥವೆಂದು ನನ್ನ ಅಭಿಮತ. ಅದರ ಸಂರಚನಾ ಕಡತದಲ್ಲಿ ಪ್ರತಿ ಸೇವೆಗೊಂದು ಸರ್ವರ್ ಬ್ಲಾಕ್, ಅದರೊಳಗೆ ಸರ್ವರ್ ನೇಮ್ ಮತ್ತು ಪ್ರಾಕ್ಸಿ ಪಾಸ್: ಕೋರಿಕೆಯ ಮಾರ್ಗವನ್ನು ನಿರ್ಧರಿಸುವವು ಇವೇ. ಆದರೆ ಹೋಸ್ಟ್ ಹೆಡರನ್ನು ಪ್ರಾಕ್ಸಿ ಸೆಟ್ ಹೆಡರ್ ಸಾಲಿನಿಂದ ನಾವೇ ಒಪ್ಪಿಸದಿದ್ದರೆ, ಸಂದರ್ಶಕನು ಕೋರಿದ ಹೆಸರು ಪ್ರಾಕ್ಸಿಯ ಹಿಂದಿರುವ ಸೇವೆಗೆ ತಿಳಿಯದೆ, ಅದು ತನ್ನ ಒಳವಿಳಾಸಕ್ಕೇ ಆತನನ್ನು ಕಳುಹಿಸುವ ಸಂಭವವುಂಟು. ಹೊರಗಿನವರು ನೇರವಾಗಿ ತಲುಪದಂತೆ, ಹಿಂದಿರುವ ಸೇವೆಗಳು 127.0.0.1ರಲ್ಲಿ ಮಾತ್ರ ಕಿವಿಗೊಡುವಂತಿರಲಿ. ರೀಲೋಡಿಗೆ ಮುನ್ನ ‘ಎಂಜಿನ್‌ಎಕ್ಸ್ ಹೈಫನ್ ಟಿ’ ಕಮಾಂಡಿನಿಂದ ಕಡತವನ್ನು ತಪ್ಪದೆ ಪರೀಕ್ಷಿಸಿರಿ.